ನಾನೂರ ಅರವತ್ತರ ಒದೆ

ಅಲ್ಲಲ್ಲ... ಅತ್ತೆ, ಹಾಗೆ ಎತ್ತಬೇಡಿ! ಅದೇನು ಲಟ್ಟಣಿಗೇನಾ? ನಾನೂರ ಅರವತ್ತು ಮ್ಯಾಗ್ನಮ್ ಅದು! ಈ ಕೀನಾಯ್ ನದಿ ಉದ್ದಕ್ಕೂ ಹುಡುಕಿ, ಅಂಥ ರಿವಾಲ್ವರ್ ಇರೋದು ನಿಮ್ಮ ಅಳಿಯ ಡೆಲ್ಬರ್ಟ್ ಹತ್ರ ಮಾತ್ರ. ಕರಡಿ ಭಯ, ಗುಂಡು ಹೊಡೆಯೋದು ಕಲಿಸು ಅಂದ್ರಿ, ಒಪ್ಕೊಂಡೆ. ಹಾಗಂತ ಮುದುಕೀರೆಲ್ಲ ಇದನ್ನ... ಅಲ್ಲ, ಹಿರಿಯರು ಅಂದೆ. ಹಿರಿಯರು!

ಇಲ್ಲಿ ಕೇಳಿ. ಮುನ್ನೂರ ಐವತ್ತೇಳು ಅಂತ ಒಂದು ರಿವಾಲ್ವರ್ ಇದೆ. ಹೊಡೆದಾಗ ಗನ್ನು ಹಿಂದಕ್ಕೆ ಚಿಮ್ಮುತ್ತಲ್ಲ, ಆ ಒದೆ... ಸಾಕಿದ ನಾಯಿ ಖುಷೀಲಿ ಎದೆಗೆ ಹಾರುತ್ತಲ್ಲ, ಅಷ್ಟು. ಆದ್ರೆ ಗನ್ನು ಹಗುರ ಇದ್ರೆ ಅಂಗೈ ಬೆಂಕಿ! ಭಾರ ಇದ್ದಷ್ಟೂ ಒದೆ ಕಮ್ಮಿ, ತಿಳೀತಾ? ಆಮೇಲೆ ನಲವತ್ನಾಲ್ಕು. ನಮ್ಮ ಬಂದೂಕು ಕ್ಲಬ್ಬಿನ ಓರಿನ್‌ದು ಮೂರು ಹೊತ್ತೂ ಅದೇ ಭಜನೆ. ಕುದುರೆ ಒದ್ದಂಗಿರುತ್ತಂತೆ. ಪಾಪ, ಅವನು ಕುದುರೆ ಹತ್ರ ಮಾತ್ರ ಒದೆಸ್ಕೊಂಡಿರೋದು. ಇದು ಗಂಡು ಮೂಸ್ ಅತ್ತೆ, ಕುದುರೆಗಿಂತ ದೊಡ್ಡ ಕಡವೆ! ಕೊಂಬು ತಗ್ಗಿಸ್ಕೊಂಡು ಬಂದು ಗುದ್ದೋದೇ! ಮಣಿಕಟ್ಟಲ್ಲಿ ಬಲ ಬೇಕು, ಗುಂಡಿಗೆ ಬೇಕು... ಯಾಕ್ರೀ ನಗ್ತೀರಿ?

ಹಠ ಬಿಡಲ್ವಾ? ಸರಿ. ಕಿವಿಗೆ ಹತ್ತಿ ಇಟ್ಕೊಂಡಿದ್ದೀರಿ ತಾನೆ? ಎರಡೂ ಕೈಲಿ ಹಿಡೀರಿ. ಅಗೋ, ಆ ಡಬ್ಬ. ನಾನು ಹಿಂದೆ ನಿಂತಿರ್ತೀನಿ, ನೀವು ಬಿದ್ರೆ ಹಿಡ್ಕೊಳ್ಳೋಕೆ. ನಿಮಗೇನಾದ್ರೂ ಆದ್ರೆ ನಿಮ್ಮ ಮಗಳು ಮಾರ್ಲಾ ನನ್ನನ್ನ ಮನೆಯೊಳಗೆ ಸೇರಿಸಲ್ಲ...

ಹಾಂ! ಸಾಕು, ಸಾಕು... ನಿಧಾನ... ಅತ್ತೆ! ಐದೂ ಗುಂಡು ಹೊಡೆದ್ಬಿಟ್ರಾ? ಕೈ... ಕೈ ನೋಯ್ಲಿಲ್ವಾ? ಕನ್ನಡಕಾನೂ ಜರುಗಿಲ್ಲ!

ಕೆಲವರಿಗೆ ಹುಟ್ಟಿನಿಂದ್ಲೇ ಬಂದಿರುತ್ತೆ, ಬಿಡಿ. ಅಯ್ಯೋ, ಖಾಲಿ ಕಾಡತೂಸನ್ನ ಯಾಕೆ ತೆಗೀತೀರಿ? ಬಿಸಿ ಇರುತ್ತೆ! ಬುಡದಲ್ಲಿ ಏನೋ ಸಣ್ಣಕ್ಕೆ ಕೊರೆದಿರ್ತಾರೆ, ನಿಮ್ಮ ಕಣ್ಣಿಗೆ ಅದು... ಓ. ಓದಿದ್ರಾ.

ಹೂಂ. ಸಾದಾ ನಲವತ್ತೈದರ ಗುಂಡು, ಒದೆ ಕಮ್ಮಿ. ಇದ್ರಲ್ಲಿ ಅದೂ ಹೋಗುತ್ತೆ, ತಪ್ಪೇನಿಲ್ಲ! ಅಭ್ಯಾಸಕ್ಕೆ ಎಲ್ಲರೂ... ಬಹಳ ಜನ... ಕೆಲವರು ಹಾಕ್ತಾರೆ. ನಾನೂರ ಅರವತ್ತರ ಅಸಲಿ ಕಾಡತೂಸಾ? ಇದೆಯಲ್ಲ, ಜೇಬಲ್ಲೇ ಇದೆ. ಈಗ್ಲೇ ಹೊಡೀಬೇಕಾ? ನಾನಾ? ಭುಜ ಸರಿಯಿಲ್ಲ ಅತ್ತೆ. ಗಾಳಿ ಬೇರೆ... ಹೊಡೆದಿದ್ದೀನಿ ಅಂತೀನಲ್ಲ! ಒಂದ್ಸಲ. ಹೋದ ಆಗಸ್ಟಲ್ಲಿ, ಕರಡಿ ನನ್ನ ಹಣೆಗೆ ಬಾರಿಸ್ತಲ್ಲ, ಅವತ್ತು...

ಏನು ಹಾಗೆ ನೋಡ್ತೀರಿ? ನರ್ಸ್ ಆಗಿದ್ದೋರು, ನೀವೇ ಹೊಲಿಗೆ ಹಾಕಿದ್ರಿ. ಕರಡಿ ಉಗುರು ಅದು. ಹೌದು, ಒಂದೇ ಉಗುರು! ಒಂದೇ ಉಗುರಲ್ಲಿ ಬಾರಿಸಬಾರ್ದು ಅಂತ ಕರಡಿಗೆ ಕಾನೂನಿದೆಯಾ? ಅರೆ... ರಿವಾಲ್ವರ್ ಯಾಕೆ ತಿರುಗಿಸಿ ನೋಡ್ತೀರಿ? ತುದೀಲಿರೋದು ಗುರಿ ನೋಡೋ ಮೊಳೆ. ನನ್ನ ಹಣೆ ಗಾಯದಷ್ಟೇ ಅಗಲ, ನಿಜ. ಅಷ್ಟೇ ಉದ್ದ... ಅದೂ ನಿಜ. ಕಾಕತಾಳೀಯ!

ಏನಾದ್ರೂ ಅನ್ನಿ ಅತ್ತೆ. ಬೈಯಿರಿ ಬೇಕಾದ್ರೆ! ಪಾದ್ರಿಗಳು ಆ ಕರಡಿ ಮೇಲೆ ಇಡೀ ಭಾನುವಾರ ಉಪದೇಶ ಮಾಡಿದ್ದಾರೆ. ನಾನು ಬದುಕಿದ್ದಕ್ಕೆ ಊರಿಗೆ ಊರೇ ಮೊಣಕಾಲೂರಿ ಕೂತಿತ್ತು. ಓರಿನ್ ಟೋಪಿ ತೆಗೆದು ನನ್ನ ಕೈ ಕುಲುಕಿದಾನೆ... ಓರಿನ್! ನೀವೂ ಅವತ್ತಿಂದ ಬ್ಲೂಬೆರಿ ಕೀಳೋಕೆ ಕಾಡಿಗೆ ಕಾಲಿಟ್ಟಿಲ್ಲ. ಅದೊಂದು ನನಗೂ ಸಂಕಟಾನೇ, ದೇವರಾಣೆ...

ಎಲ್ಲಿಗೆ? ಬಕೆಟ್ ಯಾಕೆ ತಗೊಂಡ್ರಿ? ಬರಿಗೈಲಿ ಆ ಪೊದೆಯೊಳಗೆ... ಇದನ್ನಾದ್ರೂ ತಗೊಂಡ್ಹೋಗಿ! ಅತ್ತೆ! ನಿಲ್ಲಿ! ಆ ಕಡೆ ನಿಜವಾದ ಕರಡಿಗಳಿವೆ!