ಬಾಯಿ ಮುಚ್ಚಿಸೋ ಔಷಧಿ

ನಾಗಮಂಗಲದಿಂದ ಹೊಣಕೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಗಂಡ ಹೆಂಡತಿ ಬಂದು ಕೂತರು. ಅವರ ಮಾತೆಲ್ಲ ಮುಸುಕಿನ ಜೋಳದ ಹೊಲದ ಬಗ್ಗೆ.

“ಔಷಧಿ ಹೊಡೆದೋಗಿದ್ದ ವಿಜ್ಞಾನಿಗಳು ಇವತ್ತು ಬೆಳೆ ನೋಡಕ್ ಬತ್ತಾವ್ರೆ, ಮಾಯಮ್ಮ,” ಅಂದ ಗಂಡ.

“ಅದೇನ್ ಔಷಧಿಯೋ, ನಂಗಿನ್ನೂ ತಿಳೀನಿಲ್ಲ.”

“ನೆಲ ಒಣಗುದ್ರೆ ಬೇರು ಎಲೆಗೆ ಸುದ್ದಿ ಕಳುಸ್ತದಂತೆ. ಎಲೇಲಿರೋ ಸಣ್ ಸಣ್ ಬಾಯೆಲ್ಲ ಮುಚ್ಕಂಡು ನೀರು ಉಳುಸ್ಕತವಂತೆ. ಈ ಔಷಧಿ ಆ ಸುದ್ದೀನ ಮುಂಚೇನೇ ಮುಟ್ಟುಸ್ತದೆ.”

“ಹೇಳಿದ್ ತಕ್ಷಣ ಬಾಯಿ ಮುಚ್ಕತವಾ? ನಮ್ಮನೇಲಿ ಅಂಥದ್ದು ಒಂದೂ ಇಲ್ಲ.”

“ತಮಾಸೆ ಸಾಕು. ಮಳೆ ಇಲ್ದಿದ್ರೂ ಔಷಧಿ ಹೊಡೆದಿರೋ ಅರ್ಧ ಹೊಲ ಸುಮಾರಾಗದೆ. ಹೊಡೀದೆ ಬುಟ್ಟಿರೋ ಅರ್ಧ ಆಳುದ್ದ ನಿಂತದೆ. ಫೋನಲ್ಲಿ ಹೇಳುದ್ರೆ, ಅದೆಂಗೆ ಅಂತ ಅವ್ರು ತಲೆ ಕೆರ್ಕತಾವ್ರೆ.”

“ಅದ್ರಲ್ಲೇನದೆ ತಲೆ ಕೆರ್ಕೊಳ್ಳೋದು. ಆ ಅರ್ಧಕ್ಕೆ ನಾನು ದಿನಾ ನೀರು ಉಯ್ದಿವ್ನಿ.”

ಗಂಡ ಸೀಟಿನಲ್ಲೇ ಆಕೆಯ ಕಡೆಗೆ ತಿರುಗಿದ.

“ಯಾಕ್ ಉಯ್ದೆ? ಎಲ್ಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು, ಅದನ್ನ ಅಂಗೇ ಬುಡಿ ಅಂದಿದ್ರಲ್ಲ.”

“ಒಂದೇ ಹೊಲ್ದಲ್ಲಿ ಹುಟ್ಟಿದ್ವು. ಅವುಕ್ಕೆ ಔಷಧಿ, ಇವುಕ್ಕೆ ಏನೂ ಇಲ್ಲ. ಮಲಮಕ್ಕಳ ಥರ ಬಾಡ್ಕಂಡು ನಿಂತಿದ್ವು. ನೀವು ನೋಡ್ಕಂಡು ಓಡಾಡುದ್ರಿ, ನನ್ ಕೈಲಾಗ್ನಿಲ್ಲ.”

“ಈಗ ಔಷಧೀನೇ ಸುಳ್ಳು ಅಂತ ಬರ್ಕಂಡು ಹೋಗ್ತಾರೆ. ನಮ್ ಮಾನ ಉಳೀಬೇಕಂದ್ರೆ ನೀನು ಅವ್ರ ಮುಂದೆ ಬಾಯಿ ಬುಡಬ್ಯಾಡ.”

ಕಂಡಕ್ಟರ್ ಹೊಣಕೆರೆ ಎಂದು ಕೂಗಿದ. ಆಕೆ ಚೀಲ ಎತ್ತಿಕೊಂಡು ಎದ್ದಳು.

“ಔಷಧಿ ಮಿಕ್ಕಿದ್ರೆ ನಂಗೂ ಒಸಿ ಹೊಡೀರಿ. ಇಲ್ದಿದ್ರೆ ನಾನು ಹೇಳ್ಬುಡ್ತೀನಿ.”

ಗಂಡನಿಗಿಂತ ಮೊದಲು ಆಕೆಯೇ ಇಳಿದಳು.