ಮೂಗಿನಲ್ಲಿ ಸಿಗದ ರೋಗ

ಪಶುರೋಗ ಪ್ರಯೋಗಾಲಯದ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ತಬ್ಬಿಕೊಂಡು ಕೂತಿದ್ದ ದರ್ಜಿಯ ಕಿವಿಯೆಲ್ಲ ರಿಪೋರ್ಟ್ ಕೊಡುವ ಕಿಟಕಿಯ ಕಡೆಗೇ ಇತ್ತು. ಈಚೆ ಕುರಿ ಕಾಯುವ ಹೆಂಗಸು, ಆಚೆ ಕುರಿಗಳ ರೋಗಕ್ಕೆ ಹೊಸ ಪರೀಕ್ಷೆ ಕಂಡುಹಿಡಿದಿದ್ದ ಡಾಕ್ಟರು.

“ಹೋದ ವಾರ ಸಿಂಬಳ ತೆಗೆದ ಕುರಿಗೆ ಏನೂ ರೋಗ ಇಲ್ಲಮ್ಮ.”

“ಅದು ಸತ್ತು ಎರಡು ದಿನ ಆಯ್ತು. ಕೆಮ್ಮಿ ಕೆಮ್ಮಿ ಸತ್ತಿದ್ದು.”

“ನೂರು ಕುರಿ ನೋಡಿದೀವಿ. ನಮ್ಮ ಟೆಸ್ಟ್ ಒಂದ್ಸಲಾನೂ ತಪ್ಪಿಲ್ಲ.”

“ನೂರರಲ್ಲಿ ಎಷ್ಟರ ಎದೆ ಬಗೆದು ನೋಡಿದ್ರಿ?”

“ಅದ್ಯಾಕೆ? ಮೂಗಿನ ಸಿಂಬಳ ಸಾಕು.”

“ರೋಗ ಎದೇಲಿದ್ರೆ ಮೂಗು ಏನಂತ ಸಾಕ್ಷಿ ಹೇಳತ್ತೆ ಸ್ವಾಮಿ?”

“ರಿಪೋರ್ಟ್ ತಗೊಂಡು ಹೊರಡಮ್ಮ, ಹಿಂದೆ ಜನ ಕಾಯ್ತಿದಾರೆ.”

“ಕಾಯಲಿ. ನನ್ನ ಮಂದೇಲಿ ಇನ್ನೂ ನಲವತ್ತು ಕುರಿ ಇದಾವೆ.”

ಅವಳು ತಾನು ತಂದಿದ್ದ ಐಸ್ ಡಬ್ಬದ ಮುಚ್ಚಳ ತೆಗೆದು ಕಿಟಕಿಯೊಳಗೆ ತಳ್ಳಿದಳು.

“ಸತ್ತ ಕುರಿಯ ಶ್ವಾಸಕೋಶ. ಮುಟ್ಟಿ ನೋಡಿ, ಲಿವರ್ ಥರ ಗಟ್ಟಿಯಾಗಿದೆ.”

ಡಾಕ್ಟರು ಕೈಗವಸಿನ ಬೆರಳಿಂದ ಒತ್ತಿದರು. ಮತ್ತೊಮ್ಮೆ ಒತ್ತಿದರು.

“ಇದನ್ನ ನಾವು ಇಟ್ಕೋಬಹುದಾ ಅಮ್ಮಾ?”

“ಇಟ್ಕೊಳ್ಳಿ. ಮೊದಲು ಆ ಚೀಟೀಲಿ ‘ರೋಗ ಇಲ್ಲ’ ಅಂತಿರೋದನ್ನ ಹೊಡೆದು ಹಾಕಿ, ‘ನಮಗೆ ಸಿಗಲಿಲ್ಲ’ ಅಂತ ಬರೀರಿ.”

ಡಾಕ್ಟರು ಪೆನ್ನು ತೆಗೆದು ಬರೆದರು. ಅವಳು ಓದಿಸಿ ಕೇಳಿಕೊಂಡು, ಖಾಲಿ ಡಬ್ಬವನ್ನು ಕಂಕುಳಿಗೇರಿಸಿ ಹೊರಟಳು.