ಆರನೇ ಸ್ಪೀಕರು

ಮಧ್ಯಾಹ್ನದಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ಆರ್ಟ್ ಗ್ಯಾಲರಿಯತ್ತ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಸಂಜೆ ಕರೆಂಟೂ ಹೋದಾಗ ಟಿಕೆಟ್ ಕೊಡುವವಳು ಕೌಂಟರ್ ಮುಚ್ಚಿ, ಕಸ ಗುಡಿಸುವಾಕೆಯನ್ನೂ ಕಾವಲುಗಾರನನ್ನೂ ಕರೆದುಕೊಂಡು ವೈರಜ್ಜನ ಕೋಣೆಗೆ ಬಂದಳು. ಅಲ್ಲಿನ ವೈರಿಂಗ್ ನೋಡಿಕೊಂಡೇ ಮುದುಕನಾದವನಿಗೆ ಆ ಹೆಸರೇ ಗಟ್ಟಿಯಾಗಿತ್ತು. ಟಿಕೆಟಿನವಳು ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು. ಹಿಂದಿನ ಕಾರಿಡಾರಿಗೆ ಯಾಕೆ ಬೀಗ ಎಂದು ಯಾರನ್ನು ಕೇಳಿದರೂ ಮಾತು ಹಾರಿಸುತ್ತಿದ್ದರು. ಇವತ್ತು ಅಜ್ಜನನ್ನು ಬಿಡಬಾರದು ಎಂದುಕೊಂಡೇ ಬಂದಿದ್ದಳು.

"ಕೂತ್ಕೋ ತಾಯಿ," ಎಂದ ವೈರಜ್ಜ, ಮೇಣದಬತ್ತಿ ಹಚ್ಚುತ್ತ. "ಆಮೇಲೆ ನಿದ್ದೆ ಬರ್ಲಿಲ್ಲ ಅಂತ ನನ್ನ ಬೈಬಾರ್ದು, ಅಷ್ಟೆ... ಇಪ್ಪತ್ತೈದು ವರ್ಷದ ಹಿಂದೆ ಒಬ್ಳು ಕಲಾವಿದೆ ಬಂದ್ಲು. ಬಣ್ಣ ಇಲ್ಲ, ಬೊಂಬೆ ಇಲ್ಲ, ಬರೀ ಸದ್ದು! ಕಾರಿಡಾರ್ ಉದ್ದಕ್ಕೂ ಎಂಟು ಸ್ಪೀಕರ್ ಹಾಕಿಸಿದ್ಲು. ಬಾಗಿಲ ಹತ್ರ ಮೈಕಲ್ಲಿ ಏನಾದ್ರೂ ಮಾತಾಡಿ ಒಳಗೆ ನಡೀಬೇಕು. ಒಂದೊಂದು ಸ್ಪೀಕರಿಗೂ ನಿಮ್ಮ ದನಿಗೆ ಮೂರು ಮೂರು ವರ್ಷ ವಯಸ್ಸಾಗೋದು. ನಡುಗೋದು, ಒಡೆಯೋದು... ನಕ್ಕೊಂಡು ಒಳಗೆ ಹೋದೋರು ತೆಪ್ಪಗೆ ಈಚೆ ಬರೋರು.

"ಪರೀಕ್ಷೆ ಮಾಡೋ ದಿನ ನನ್ನ ಹೆಂಡ್ತಿ ಬುತ್ತಿ ತಂದಿದ್ಲು. ನೀನೇ ಮಾತಾಡು, ನಾನು ಕಿವಿ ಕೊಟ್ಟು ನೋಡ್ತೀನಿ ಅಂದೆ. ಬಾಯಿ ಅಂದ್ರೆ ಬಾಯಿ ಅವಳ್ದು! 'ರೀ, ಊಟಕ್ಕೆ ಬನ್ರೀ, ತಣ್ಣಗಾಗುತ್ತೆ' ಅಂದ್ಲು. ಒಂದರಿಂದ ಐದರವರೆಗೆ ಚೆನ್ನಾಗಿ ಬಂತು. ಆರನೇದು ಮೂಕ. ಏಳು, ಎಂಟೂ ಮೂಕ. ನಾನು ಮಾತಾಡಿದ್ರೆ ಮಾತ್ರ ಎಂಟರಲ್ಲೂ ಬರುತ್ತೆ! ಕಲಾವಿದೆ ಮುಖ ಬಿಳುಚಿಕೊಂಡು, 'ಸ್ಪೀಕರ್ ಕೆಟ್ಟಿಲ್ಲ, ಮುಟ್ಬೇಡಿ' ಅಂದ್ಲು. ಕರೆಂಟ್ ಕೆಲಸದೋನಿಗೆ ಇದೆಲ್ಲ ಹೇಗೆ ಅರ್ಥ ಆಗ್ಬೇಕು, ಹೇಳಿ? ಎಲ್ಲೋ ಲೂಸ್ ಆಗಿದೆ ಅಂದ್ಕೊಂಡೆ. ಕಲಾವಿದೆ ಹೋದ್ಮೇಲೆ ಐದನೇದರಿಂದ ಒಂದು ತಂತಿ ಎಳೆದು ಆರನೇದಕ್ಕೆ ಜೋಡಿಸ್ದೆ. ಹೆಂಡ್ತಿ ದನಿ ಆರರಲ್ಲೂ ಬಂತು. ಮೀಸೆ ತಿರುವಿಕೊಂಡೆ. ಪ್ರದರ್ಶನ ಮುಗಿದ್ರೂ ಆ ಸ್ಪೀಕರ್ ಯಾರೂ ಬಿಚ್ಚಲಿಲ್ಲ.

"ಅದಾಗಿ ಹದಿನಾರನೇ ವರ್ಷಕ್ಕೆ ನನ್ನ ಹೆಂಡ್ತಿ ತೀರ್ಕೊಂಡ್ಲು... ಆಗ ಲೆಕ್ಕ ಹಾಕ್ದೆ. ಐದು ಮೂರ್ಲಿ ಹದಿನೈದು. ಹದಿನೆಂಟನೇ ವರ್ಷದ ದನಿ ಅವಳಿಗೆ ಇರ್ಲೇ ಇಲ್ಲ, ಅದಕ್ಕೇ ಆರನೇದು ಮೂಕ ಆಗಿದ್ದು.

"ಮತ್ತೆ ಕೆಲಸಕ್ಕೆ ಬಂದ ದಿನ ಕಾರಿಡಾರಲ್ಲಿ ವೈರಿಂಗ್ ನೋಡ್ತಿದ್ದೆ. ಮೈಕ್ ಹತ್ರ ಯಾರೂ ಇಲ್ಲ. ಆರನೇ ಸ್ಪೀಕರಲ್ಲಿ, 'ರೀ, ಊಟಕ್ಕೆ ಬನ್ರೀ...' ಹೆದರ್ಕೊಂಡೆ ಅಂದ್ಕೊಂಡ್ರಾ? ಇಲ್ಲಪ್ಪ. ಕುಣಿದಾಡೋ ಅಷ್ಟು ಖುಷಿ ಆಯ್ತು! ಬೀಗ ಹಾಕಿಸ್ದೆ. ದಿನಾ ಸಂಜೆ ಅಲ್ಲೇ ಕೂತು ಉಣ್ತಿದ್ದೆ. ಆದ್ರೆ ದನಿಗೆ ವಯಸ್ಸಾಗ್ತಾನೇ ಹೋಯ್ತಲ್ಲ... ಎಪ್ಪತ್ತು, ತೊಂಬತ್ತು, ನೂರಾ ಇಪ್ಪತ್ತು... ಅಷ್ಟು ವಯಸ್ಸಾದ ದನಿ ನೀವು ಕೇಳಿದ್ದೀರಾ? ಊಟದ ಮಾತು ನಿಂತುಹೋಯ್ತು. 'ಬಿಟ್ಬಿಡ್ರೀ... ಸಾಕು, ಬಿಟ್ಬಿಡ್ರೀ...' ಅಂತ ಶುರು ಮಾಡಿದ್ಲು. ತಂತಿ ಕತ್ತರಿಸೋಕೆ ಕಟಿಂಗ್ ಪ್ಲೇಯರ್ ಹಿಡ್ಕೊಂಡು ಎಷ್ಟು ದಿನ ನಿಂತಿದ್ದೀನೋ! ಕತ್ತರಿಸಿದ್ರೆ ಅವಳು ಇನ್ನೊಂದು ಸಲ ಹೋಗ್ತಾಳೆ. ನನ್ನ ಕೈಯಾರೆ..."

ಟಿಕೆಟಿನವಳಿಗೆ ತಡೆಯಲಾಗಲಿಲ್ಲ. "ಕತ್ತರಿಸಿದ್ರಾ ಅಜ್ಜ?"

"ಹೋದ ತಿಂಗಳು ಕತ್ತರಿಸ್ದೆ ತಾಯಿ. ಅತ್ತು ಅತ್ತು ಕತ್ತರಿಸ್ದೆ. ಸ್ಪೀಕರ್‌ಗಳನ್ನೂ ಕಿತ್ತು ಗುಜರಿಗೆ ಹಾಕ್ದೆ."

"ಸದ್ಯ!" ಎಂದು ಉಸಿರುಬಿಟ್ಟಳು ಕಸ ಗುಡಿಸುವಾಕೆ.

ವೈರಜ್ಜ ಯಾರ ಮುಖವನ್ನೂ ನೋಡಲಿಲ್ಲ. "ಈಗ ತಂತಿ ಇಲ್ಲ, ಸ್ಪೀಕರಿಲ್ಲ, ಇವತ್ತು ಕರೆಂಟೂ ಇಲ್ಲ... ಸ್ವಲ್ಪ ಸುಮ್ನಿರಿ, ಮಳೆ ನಿಂತಿದೆ. ಕೇಳಿಸ್ಕೊಳ್ಳಿ... ಒಂದು ಉಸಿರೆಳೆಯೋಕೆ ಎಷ್ಟು ಕಷ್ಟಪಡ್ತಿದ್ದಾಳೆ ನೋಡಿ."